ಹೊಳಪಿನ ದಪ್ಪವೆಷ್ಟು?

ಕೋಲಾರದ ಸಮೀಪದ ವಕ್ಕಲೇರಿಯಲ್ಲಿ ದೊರೆತ ತಾಮ್ರಶಾಸನವು ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಕ್ರಿ. ಶ. 757ರಲ್ಲಿ ಬಾದಾಮಿಯ ಚಾಲುಕ್ಯ ದೊರೆ ಎರಡನೆಯ ಕೀರ್ತಿವರ್ಮನು ಹೊರಡಿಸಿದ ಆ ಶಾಸನದಲ್ಲಿ, ಅವನ ತಂದೆ ಎರಡನೆಯ ವಿಕ್ರಮಾದಿತ್ಯನು ಕಾಂಚಿಯನ್ನು ಗೆದ್ದರೂ ಹಾಳುಗೆಡವದೆ, ರಾಜಸಿಂಹೇಶ್ವರ ದೇವಾಲಯಕ್ಕೆ ಚಿನ್ನದ ರಾಶಿಯನ್ನು ಹಿಂದಿರುಗಿಸಿದನೆಂದು ಹೇಳಿದೆ. ಆ ಚಿನ್ನ ಎಲ್ಲಿ ಹೋಯಿತೋ! ಅದರ ಸುದ್ದಿಯನ್ನು ನಮಗೆ ಮುಟ್ಟಿಸಿದ್ದು ಮಾತ್ರ ತಾಮ್ರ.

ಇಂದು ಅದೇ ಸೀಮೆಯಲ್ಲಿ ಮದುವೆಯೆಂದರೆ "ಎಷ್ಟು ಸವರನ್ನು?" ಎಂಬ ಪ್ರಶ್ನೆಯೇ ಮೊದಲು ಏಳುವುದು. ಸಾಲಮಾಡಿಯಾದರೂ ಆರು ಸವರನ್ನಿನ, ಎಂದರೆ 48 ಗ್ರಾಂ ತೂಕದ ಸರವು ಹತ್ತು ಜನರ ಮುಂದೆ ಹೊಳೆಯಬೇಕು. ಹೊಳೆಯುವುದಕ್ಕೆ ಎಷ್ಟು ಚಿನ್ನ ಬೇಕೆಂಬುದು ಭೌತಶಾಸ್ತ್ರದ ಪ್ರಶ್ನೆ.

ಲೋಹದ ಮೇಲೆ ಬಿದ್ದ ಬೆಳಕು ಆಳಕ್ಕೆ ಇಳಿಯಲಾರದು. ಅಲ್ಲಿರುವ ಸ್ವತಂತ್ರ ಎಲೆಕ್ಟ್ರಾನುಗಳು ಅದನ್ನು ಹಿಂದಕ್ಕೆ ಅಟ್ಟುತ್ತವೆ. ಚಿನ್ನವು ನೀಲಿ ಬೆಳಕನ್ನು ಬಹುಮಟ್ಟಿಗೆ ಹೀರಿಕೊಂಡು ಹಳದಿ, ಕೆಂಪುಗಳನ್ನು ಪ್ರತಿಫಲಿಸುವುದರಿಂದ ಅದಕ್ಕೆ ಆ ಬಣ್ಣ. ಈ ವ್ಯಾಪಾರವೆಲ್ಲ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ದಪ್ಪದೊಳಗೆ ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಅದರ ಕೆಳಗಿರುವುದು ಚಿನ್ನವೋ ಹಿತ್ತಾಳೆಯೋ ನೋಡುವವರ ಕಣ್ಣಿಗೆ ತಿಳಿಯದು. ಅಷ್ಟು ತೆಳುವಾಗಿ ಬಡಿದರೆ 1 ಗ್ರಾಂ ಚಿನ್ನವು ಅರ್ಧ ಚದರ ಮೀಟರಿನಷ್ಟು ಹರಡೀತು!

2021ರ ಡಿಸೆಂಬರಿನಲ್ಲಿ ಗಗನಕ್ಕೇರಿದ ಜೇಮ್ಸ್ ವೆಬ್ ದೂರದರ್ಶಕದ ಕನ್ನಡಿಗೆ ಇಷ್ಟೇ ದಪ್ಪದ ಚಿನ್ನದ ಲೇಪವಿದೆ. ಅವಕೆಂಪು ಕಿರಣಗಳನ್ನು ಚಿನ್ನವು ಬಹು ಚೆನ್ನಾಗಿ ಪ್ರತಿಫಲಿಸುವುದೇ ಕಾರಣ. ಸುಮಾರು 25 ಚದರ ಮೀಟರಿನ ಆ ಕನ್ನಡಿಗೆ ಹಿಡಿದ ಚಿನ್ನ ಸುಮಾರು 48 ಗ್ರಾಂ. ನಮ್ಮ ಸರದ ತೂಕವೇ. ಅಷ್ಟರಲ್ಲಿ ಅದು ಅತಿದೂರದ ನಕ್ಷತ್ರಮಂಡಲಗಳನ್ನು ನೋಡುತ್ತಿದೆ.

ಚಿನ್ನವು ಆಪದ್ಧನವೆನ್ನುವವರೊಡನೆ ನನಗೆ ತಕರಾರಿಲ್ಲ. ಆದರೆ ಸಾಲ ತಂದು ಆಪದ್ಧನ ಕೂಡಿಡುವುದು ಯಾವ ಲೆಕ್ಕ?

ಇನ್ನೊಂದು ಲೆಕ್ಕವೂ ಇದೆ. ಇದೇ ಜಿಲ್ಲೆಯ ಕೋಲಾರ ಚಿನ್ನದ ಗಣಿಯನ್ನು ನೆನೆಯಿರಿ. ಟನ್ನು ಅದಿರಿಗೆ 5 ಗ್ರಾಂ ಚಿನ್ನವೆಂದು ಹಿಡಿದರೆ, ಆರು ಸವರನ್ನಿನ 22 ಕ್ಯಾರಟ್ ಸರಕ್ಕೆ ಸುಮಾರು 9 ಟನ್ನು ಕಲ್ಲು ಬೇಕು. ಅದನ್ನು 3 ಕಿಲೋಮೀಟರು ಮೇಲೆತ್ತಲು ಕನಿಷ್ಠ 73 ಯೂನಿಟ್ ವಿದ್ಯುತ್ತು ಬೇಕಾಗುವುದು. ಎತ್ತುವುದೇನೋ ಅಗ್ಗವೇ, ಗಾಳಿಯನ್ನು ತಂಪಾಗಿಸಿ ಕೆಳಕ್ಕೆ ಕಳುಹಿಸುವುದು, ಕಲ್ಲನ್ನು ಹಿಟ್ಟಾಗಿಸುವುದು ಬೇರೆ. ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಂಟಿಗ್ರೇಡನ್ನು ಮೀರಿತ್ತು. ಬಂಡೆ ಸಿಡಿದು ಸತ್ತವರೂ ಉಂಟು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಚಿನ್ನವು ಕೊರಳುಗಳಿಗೂ ಪೆಟ್ಟಿಗೆಗಳಿಗೂ ಹೋಯಿತು. ಸಯನೈಡಿನಿಂದ ತೊಳೆದ ಕಲ್ಲುಹಿಟ್ಟು ದಿಬ್ಬಗಳಾಗಿ ಅಲ್ಲಿಯೇ ನಿಂತಿದೆ, ಗಾಳಿ ಬೀಸಿದಾಗ ಅದರ ಧೂಳು ಊರೊಳಕ್ಕೆ ಬರುತ್ತದೆ.