ಹೆಚ್ಚುವವರು ಯಾರು?

ಅಡಿಗೆಮನೆಗೆ ಎಲ್ಲ ಕೆಲಸಕ್ಕೂ ಒದಗುವ ಒಂದು ದೊಡ್ಡ ಚಾಕು ಸಾಕೆ, ತರಕಾರಿಗೆಂದೇ ಪುಟ್ಟದೊಂದು ಬೇರೆ ಬೇಕೆ? ಹೀಗೆ ಕೇಳುವವರಿಗೆ ನಾನು ಹಾಕುವ ಮರುಪ್ರಶ್ನೆ ಒಂದೇ: ನಿಮ್ಮ ಮನೆಯಲ್ಲಿ ಹೆಚ್ಚುವವರು ಯಾರು? ದಿನಕ್ಕೆರಡು ಹೊತ್ತು ಬೆರಳುಗಳನ್ನು ಅಲಗಿನ ಅಂಚಿನಲ್ಲಿಟ್ಟು ದುಡಿಯುವವರ ಮೈಕೈಗಳೇ ಇಲ್ಲಿ ಅಳತೆಗೋಲು.

ಶರಾವತಿ ಹಿನ್ನೀರಿನಾಚೆಯ ತುಮರಿಯಂಥ ಮಲೆನಾಡಿನ ಊರುಗಳಲ್ಲಿ ಇದಕ್ಕೆ ಹಳೆಯ ಉತ್ತರ ಮೆಟ್ಟುಗತ್ತಿ. ಬೇರೆಡೆ ಈಳಿಗೆಮಣೆ ಎನ್ನುತ್ತಾರೆ. ಮಣೆಯನ್ನು ಕಾಲಿನಿಂದ ಮೆಟ್ಟಿದರೆ ಅಲಗು ಕದಲದೆ ನಿಲ್ಲುತ್ತದೆ. ತರಕಾರಿಯೇ ಅದರತ್ತ ಸರಿಯುತ್ತದೆ. ಎರಡು ಕೈಗಳೂ ಬಿಡುವಾಗಿರುವುದರಿಂದ ಹಲಸಿನಕಾಯಿಯನ್ನೂ ಸೀಳಬಹುದು, ಬಾಳೆದಿಂಡನ್ನೂ ತೆಳ್ಳಗೆ ಹೆಚ್ಚಬಹುದು. ಆದರೆ ಅದು ಕೇಳುವ ಬೆಲೆ ಮೊಣಕಾಲಿನದು. ನೆಲದಲ್ಲಿ ಕುಳಿತೇಳಲಾಗದ ಹಿರಿಯರಿಗೆ ಅದು ಒದಗದು.

ಚಾಕುವಿನ ಆಯ್ಕೆ ಅಲ್ಲಿಂದ ಮೊದಲಾಗುತ್ತದೆ. ಮೂರು ನಾಲ್ಕು ಅಂಗುಲದ ತೆಳು ಅಲಗಿನ ಪುಟ್ಟ ಚಾಕು ಅಂಗೈಯೊಳಗಿನ ಕೆಲಸಕ್ಕೆ: ಸಿಪ್ಪೆ ಹೆರೆಯಲು, ತೊಟ್ಟು ಬಿಡಿಸಲು, ಹುಳುಕು ಕೆತ್ತಲು. ಆರರಿಂದ ಎಂಟು ಅಂಗುಲದ ದೊಡ್ಡ ಚಾಕು ಹಲಗೆಯ ಮೇಲಿನ ಕೆಲಸಕ್ಕೆ. ಅಲಗು ತರಕಾರಿಯ ಅಡ್ಡಳತೆಗಿಂತ ಉದ್ದವಿರಬೇಕೆಂಬುದು ಒಳ್ಳೆಯ ನಿಯಮ. ಕುಂಬಳಕಾಯಿಯಲ್ಲಿ ಸಿಕ್ಕಿಬಿದ್ದ ಪುಟ್ಟ ಚಾಕುವನ್ನು ಕೀಳಹೋದಾಗ ಕೈ ಕುಯ್ದುಕೊಳ್ಳುವ ಭಯವುಂಟು. ದೊಡ್ಡ ಚಾಕುವಿನಲ್ಲಿ ಬೆಳ್ಳುಳ್ಳಿ ಸುಲಿಯುವಾಗಲೋ, ಅದರ ತುದಿ ಎಲ್ಲಿದೆಯೆಂಬುದೇ ಕೈಗೆ ತಿಳಿಯದು.

ಇನ್ನು ಲೋಹ. ಸಾದಾ ಉಕ್ಕಿನ ಅಲಗನ್ನು ಮಸೆಯುವುದು ಸುಲಭ. ಆದರೆ ಬಾಳೆಕಾಯಿಯ ಒಗರು ಕಬ್ಬಿಣದೊಡನೆ ಕೂಡಿದರೆ ಕಪ್ಪು. 1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಕ್ರೋಮಿಯಂ ಬೆರೆಸಿ ತಯಾರಿಸಿದಂಥ ತುಕ್ಕುಹಿಡಿಯದ ಉಕ್ಕು ಈ ತೊಡಕನ್ನು ಬಹುಮಟ್ಟಿಗೆ ನೀಗಿತು. ಆದರೂ ಬಾಳೆಕಾಯಿ ಗಾಳಿಗೇ ಕಪ್ಪಾಗುವ ಸ್ವಭಾವದ್ದು. ಮಜ್ಜಿಗೆ ಬೆರೆಸಿದ ನೀರಿನ ಪಾತ್ರೆ ಬಳಿಯಲ್ಲಿರಬೇಕು.

2025ರ ಜುಲೈಯಲ್ಲಿ ಸೇತುವೆ ತೆರೆದಂದಿನಿಂದ ತುಮರಿಯವರು ಸಾಗರದ ಪೇಟೆಗೆ ಹೋಗಲು ಲಾಂಚಿಗೆ ಕಾಯಬೇಕಿಲ್ಲ. ಪೇಟೆಯಲ್ಲಿ ಥಳಥಳಿಸುವ ಅರ್ಧ ಡಜನ್ ಚಾಕುಗಳ ಪೆಟ್ಟಿಗೆ ಕಣ್ಸೆಳೆಯಬಹುದು. ಅಷ್ಟು ಬೇಕಿಲ್ಲ. ಮೆಟ್ಟುಗತ್ತಿಯೂ ಅದರ ಮುಂದೆ ಕುಳಿತುಕೊಳ್ಳಬಲ್ಲವರೂ ಮನೆಯಲ್ಲಿದ್ದರೆ ಪುಟ್ಟ ಚಾಕು ಒಂದೇ ಸಾಕು, ದೊಡ್ಡದು ವ್ಯರ್ಥ. ನಿಂತೇ ಹೆಚ್ಚಬೇಕಾದವರು ಮೊದಲು ದೊಡ್ಡದನ್ನೂ ಅಲುಗದ ಮರದ ಹಲಗೆಯನ್ನೂ ಕೊಳ್ಳಲಿ. ಪುಟ್ಟದು ಆಮೇಲೆ ಬರಲಿ.

ಯಾವುದನ್ನೇ ಕೊಂಡರೂ ಮಸೆಯುವ ಕಲ್ಲನ್ನು ಮರೆಯಬೇಡಿ. ಮೊಂಡು ಅಲಗು ಹೆಚ್ಚು ಒತ್ತಡ ಬೇಡುತ್ತದೆ, ಒತ್ತಿದಷ್ಟೂ ಜಾರುತ್ತದೆ. ಹರಿತವಾದ ಅಲಗಿಗೆ ಹಗುರವಾದ ಕೈ ಸಾಕು. ವಯಸ್ಸಾದ ಕೈಗಳಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.