ಸದ್ದು ನಿಂತ ಗಳಿಗೆ: ಸಿನಿಮಾದ ಸಸ್ಪೆನ್ಸಿನಲ್ಲಿ ಸಂಗೀತ ಮತ್ತು ಮೌನ

ಶರಾವತಿಯ ಹಿನ್ನೀರು ಏರುವಾಗ ಸದ್ದು ಮಾಡುವುದಿಲ್ಲ. ಮಳೆ ಹುಯ್ಯುತ್ತದೆ, ಗಾಳಿಗೆ ಮರ ಮುರಿಯುತ್ತದೆ, ಹಳ್ಳಗಳು ಭೋರಿಡುತ್ತವೆ. ಗದ್ದೆಯ ಅಂಚು ದಾಟಿ ಅಂಗಳದ ಕಡೆ ಬರುವ ನೀರು ಮಾತ್ರ ಸುಮ್ಮನೆ ಬರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ತಿಯಾದ ಮೇಲೆ ಸಾಗರ, ಹೊಸನಗರ ಸೀಮೆಯ ಊರೂರೇ ಹೀಗೆ ನೀರಿಗೆ ಹೋದವು. 2025ರ ಜುಲೈನಲ್ಲಿ ಸೇತುವೆ ತೆರೆಯುವ ತನಕ ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿ ಸಿಗಂದೂರಿಗೆ ಹೋಗುತ್ತಿದ್ದವರು ತೇಲಿದ್ದು ಯಾರದೋ ಗದ್ದೆಯ ಮೇಲೆ, ಯಾರದೋ ಅಡಿಕೆ ತೋಟದ ಮೇಲೆ. ಸಾಗರದ ನಾ. ಡಿಸೋಜ ಈ ಮುಳುಗಡೆಯ ಸಂಕಟವನ್ನೇ ‘ದ್ವೀಪ’ ಕಾದಂಬರಿ ಮಾಡಿದರು. ಗಿರೀಶ ಕಾಸರವಳ್ಳಿ ಅದನ್ನು ತೆರೆಗೆ ತಂದರು. ಚಿತ್ರಕ್ಕೆ 2001ರ ಸಾಲಿನ ಸ್ವರ್ಣಕಮಲ ಬಂತು.

ಚಿತ್ರದ ಸನ್ನಿವೇಶ ಸರಳ. ಸುತ್ತಲೂ ನೀರು ಏರುತ್ತಿದೆ, ಗುಡ್ಡದ ಮೇಲೆ ಒಂದು ಮನೆ, ಬಿಟ್ಟುಹೋಗಲು ಮನಸ್ಸಿಲ್ಲದ ಒಂದು ಸಂಸಾರ. ಇಲ್ಲಿ ಗುಟ್ಟು ಯಾವುದೂ ಇಲ್ಲ. ನೀರು ಬರುತ್ತದೆ ಎಂದು ಮನೆಯವರಿಗೂ ಗೊತ್ತು, ನೋಡುವ ನಮಗೂ ಗೊತ್ತು. ಎಲ್ಲಿಯ ತನಕ ಬರುತ್ತದೆ ಎಂಬುದೊಂದೇ ಪ್ರಶ್ನೆ. ಸದ್ದಿಲ್ಲದೆ ಬರುವ ಅಪಾಯವನ್ನು ಪ್ರೇಕ್ಷಕನ ಕಿವಿಗೆ ಮುಟ್ಟಿಸುವುದು ಹೇಗೆ? ಐಸಾಕ್ ಥಾಮಸ್ ಕೊಟ್ಟುಕಾಪಳ್ಳಿ ಈ ಚಿತ್ರದ ಸಂಗೀತಗಾರರು. ಆದರೂ ಚಿತ್ರದ ದೊಡ್ಡ ವಾದ್ಯ ಮಳೆಯೇ ಎಂದು ನನಗೆ ಅನ್ನಿಸುತ್ತದೆ. ಬಿಡದೆ ಸುರಿಯುವ ಮಳೆಯ ಸದ್ದಿಗೆ ಕಿವಿ ಹೊಂದಿಕೊಳ್ಳುತ್ತದೆ. ಹೊಂದಿಕೊಂಡ ಮೇಲೆ ಅದರಲ್ಲಿ ಆಗುವ ಸಣ್ಣ ಏರಿಳಿತವೂ ಹೊಟ್ಟೆಯೊಳಗೆ ಕಳಮಳ ಎಬ್ಬಿಸುತ್ತದೆ. ಮಳೆಗಾಲ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಸ್ಪೆನ್ಸ್ ಎಂದರೆ ಏನೆಂದು ಅತ್ಯಂತ ನೇರವಾಗಿ ವಿವರಿಸಿದವರು ಆಲ್ಫ್ರೆಡ್ ಹಿಚ್‌ಕಾಕ್. ಫ್ರೆಂಚ್ ನಿರ್ದೇಶಕ ಫ್ರಾಂಸ್ವಾ ತ್ರೂಫೋ ಜೊತೆ ನಡೆಸಿದ ಸಂಭಾಷಣೆಯಲ್ಲಿ ಅವರು ಒಂದು ಉದಾಹರಣೆ ಕೊಡುತ್ತಾರೆ. ಇಬ್ಬರು ಮೇಜಿನ ಮುಂದೆ ಕೂತು ಮಾತಾಡುತ್ತಿದ್ದಾರೆ, ಮೇಜಿನ ಕೆಳಗಿನ ಬಾಂಬು ಏಕಾಏಕಿ ಸಿಡಿಯುತ್ತದೆ. ಅದು ಹದಿನೈದು ಸೆಕೆಂಡಿನ ಬೆಚ್ಚು. ಬಾಂಬಿದೆ ಎಂದು ಪ್ರೇಕ್ಷಕನಿಗೆ ಮೊದಲೇ ತಿಳಿಸಿ, ಆ ಇಬ್ಬರಿಗೆ ತಿಳಿಸದೆ ಇದ್ದರೆ ಹದಿನೈದು ನಿಮಿಷದ ಆತಂಕ ಸಿಗುತ್ತದೆ. ಅಂದರೆ ಯಾರಿಗೆ ಯಾವ ಸಂಗತಿ ಯಾವಾಗ ತಿಳಿಯಬೇಕು ಎಂದು ಹಂಚುವುದರಲ್ಲಿದೆ ಸಸ್ಪೆನ್ಸು. ಸಂಗೀತವೂ ಮೌನವೂ ಈ ಹಂಚಿಕೆಯ ಕೆಲಸವನ್ನೇ ಮಾಡುತ್ತವೆ. ಪಾತ್ರಕ್ಕೆ ಹಿನ್ನೆಲೆ ಸಂಗೀತ ಕೇಳಿಸದು, ನಮಗೆ ಕೇಳಿಸುತ್ತದೆ. ಪಾತ್ರಕ್ಕಿಂತ ಹೆಚ್ಚು ತಿಳಿದವರಾಗಿ ನಾವು ಕುರ್ಚಿಯಲ್ಲಿ ಕೂತಿರುತ್ತೇವೆ, ಕೂಗಿ ಎಚ್ಚರಿಸುವ ಹಾಗಿಲ್ಲ.

ಹಿಚ್‌ಕಾಕರ ‘ಸೈಕೋ’ (1960) ಎಂದೊಡನೆ ಎಲ್ಲರೂ ಸ್ನಾನದ ಮನೆಯ ಕೊಲೆಯನ್ನು ನೆನೆಯುತ್ತಾರೆ. ಆ ದೃಶ್ಯಕ್ಕೆ ಸಂಗೀತವೇ ಬೇಡ ಎಂದು ಹಿಚ್‌ಕಾಕ್ ಮೊದಲು ಹೇಳಿದ್ದರು. ಸಂಗೀತಗಾರ ಬರ್ನಾರ್ಡ್ ಹರ್ಮನ್ ಅದನ್ನು ಮೀರಿ, ಪಿಟೀಲುಗಳು ಕಿರುಚುವ ಆ ತುಣುಕನ್ನು ಬರೆದರು. ಕೇಳಿಸಿಕೊಂಡ ಹಿಚ್‌ಕಾಕ್ ಮನಸ್ಸು ಬದಲಿಸಿದರು. ಚಿತ್ರದ ಪರಿಣಾಮದಲ್ಲಿ ಮೂರನೇ ಒಂದು ಪಾಲು ಸಂಗೀತದ್ದು ಎಂದು ಆಮೇಲೆ ಅವರೇ ಒಪ್ಪಿದರು. ನನಗೆ ಅದಕ್ಕಿಂತ ಹೆಚ್ಚಿನ ಕಲೆ ಕಾಣುವುದು ಕೊಲೆಗೆ ಮುಂಚಿನ ಭಾಗದಲ್ಲಿ. ಒಬ್ಬ ಹೆಂಗಸು ಕಾರು ಓಡಿಸುತ್ತಿದ್ದಾಳೆ. ಸಂಜೆ, ರಸ್ತೆ, ಎದುರಿನ ದೀಪಗಳು, ಆಮೇಲೆ ಮಳೆ. ಕಣ್ಣಿಗೆ ಕಾಣುವುದು ಇಷ್ಟೇ, ಅಪಾಯದ ಒಂದು ಗುರುತೂ ಇಲ್ಲ. ಹರ್ಮನ್ನರ ತಂತಿವಾದ್ಯಗಳು ಒಂದೇ ಚೂರು ಸ್ವರವನ್ನು ಮತ್ತೆ ಮತ್ತೆ ಬಡಿಯುತ್ತವೆ, ಎಲ್ಲಿಯೂ ತಂಗುವುದಿಲ್ಲ. ಧ್ವನಿ ಆರಿಸಿ ನೋಡಿದರೆ ಅದು ಬರಿಯ ಪ್ರಯಾಣ. ಧ್ವನಿ ಹಚ್ಚಿದರೆ ಅವಳು ಕದ್ದ ಹಣ ಅವಳನ್ನೇ ಅಟ್ಟಿಸಿಕೊಂಡು ಬರುತ್ತಿದೆ ಅನ್ನಿಸುತ್ತದೆ. ಇಡೀ ಚಿತ್ರಕ್ಕೆ ಹರ್ಮನ್ ಬಳಸಿದ್ದು ತಂತಿವಾದ್ಯಗಳನ್ನು ಮಾತ್ರ. ತುತ್ತೂರಿ ಇಲ್ಲ, ಡ್ರಮ್ಮು ಇಲ್ಲ.

ಮೂರು ವರ್ಷಕ್ಕೆ ಅದೇ ಹಿಚ್‌ಕಾಕ್ ‘ದಿ ಬರ್ಡ್ಸ್’ ಮಾಡಿದಾಗ ಹಿನ್ನೆಲೆ ಸಂಗೀತವನ್ನೇ ಕೈಬಿಟ್ಟರು. ಹಕ್ಕಿಗಳ ಕೂಗು, ರೆಕ್ಕೆಯ ಬಡಿತಗಳಲ್ಲಿ ಬಹುಭಾಗವನ್ನು ಟ್ರೌಟೋನಿಯಂ ಎಂಬ ವಿದ್ಯುತ್ ವಾದ್ಯದಿಂದ ಜರ್ಮನಿಯ ಓಸ್ಕರ್ ಸಾಲಾ ಹುಟ್ಟಿಸಿಕೊಟ್ಟರು. ಅದರಲ್ಲೊಂದು ದೃಶ್ಯ: ಶಾಲೆಯ ಹೊರಗೆ ನಾಯಕಿ ಬೆಂಚಿನ ಮೇಲೆ ಕೂತು ಸಿಗರೇಟು ಸೇದುತ್ತಿದ್ದಾಳೆ. ಒಳಗೆ ಮಕ್ಕಳು ಸಾಲು ಸಾಲಾಗಿ ಮುಗಿಯದ ಹಾಡೊಂದನ್ನು ಹಾಡುತ್ತಿದ್ದಾರೆ. ಅವಳ ಬೆನ್ನ ಹಿಂದೆ, ಮಕ್ಕಳು ಆಡುವ ಕಬ್ಬಿಣದ ಚೌಕಟ್ಟಿನ ಮೇಲೆ ಒಂದು ಕಾಗೆ ಬಂದು ಕೂರುತ್ತದೆ. ಮತ್ತೊಂದು. ಮತ್ತೆ ಕೆಲವು. ಹಾಡು ನಡೆದೇ ಇದೆ, ಕಾಗೆಗಳು ಸದ್ದು ಮಾಡುವುದಿಲ್ಲ. ಅವಳು ತಿರುಗಿ ನೋಡುವ ಹೊತ್ತಿಗೆ ಚೌಕಟ್ಟು ಪೂರಾ ಕರ್ರಗಾಗಿದೆ. ಭಯದ ರಾಗ ಯಾವುದೂ ಇಲ್ಲದೆ, ಎಳೆಯ ಮಕ್ಕಳ ಹಾಡಿನಿಂದಲೇ ಭಯ ಹುಟ್ಟಿತು.

ಫ್ರಾನ್ಸಿನಲ್ಲಿ ಜೂಲ್ಸ್ ದಸ್ಸಿನ್ ಮಾಡಿದ ‘ರಿಫಿಫಿ’ಯಲ್ಲಿ (1955) ಕಳ್ಳರು ಆಭರಣದ ಅಂಗಡಿಗೆ ಮೇಲಿನಿಂದ ಕನ್ನ ಹಾಕುವ ದೃಶ್ಯ ಸುಮಾರು ಅರ್ಧ ಗಂಟೆ ಇದೆ. ಮಾತಿಲ್ಲ, ಸಂಗೀತವಿಲ್ಲ. ಸಂಗೀತಗಾರ ಜಾರ್ಜ್ ಓರಿಕ್ ಆ ಭಾಗಕ್ಕೆ ಸಂಗೀತ ಬರೆದುಕೊಟ್ಟಿದ್ದರು. ಸಂಗೀತದೊಡನೆ ಒಮ್ಮೆ, ಇಲ್ಲದೆ ಒಮ್ಮೆ ನೋಡಿದ ಮೇಲೆ ಬೇಡ ಎಂದವರೂ ಅವರೇ. ಆ ಪ್ರಾಮಾಣಿಕತೆಗೆ ಕೈ ಮುಗಿಯಬೇಕು.

ಸ್ಪೀಲ್‌ಬರ್ಗರ ‘ಜಾಸ್’ (1975) ಇನ್ನೊಂದು ಬಗೆ. ಜಾನ್ ವಿಲಿಯಮ್ಸರ ಎರಡೇ ಸ್ವರ ನಿಧಾನವಾಗಿ ಶುರುವಾಗಿ ವೇಗ ಪಡೆಯುತ್ತವೆ, ಶಾರ್ಕ್ ಹತ್ತಿರ ಬಂತು ಎಂದು ಅರ್ಥ. ಹುಡುಗರಿಬ್ಬರು ಶಾರ್ಕಿನದರಂಥ ರಟ್ಟಿನ ಈಜುರೆಕ್ಕೆ ಕಟ್ಟಿಕೊಂಡು ಜನರನ್ನು ಹೆದರಿಸುವಾಗ ಆ ಸ್ವರ ಬರುವುದಿಲ್ಲ. ಸಂಗೀತ ನಮಗೆ ಸುಳ್ಳು ಹೇಳದು ಎಂಬ ನಂಬಿಕೆ ಹೀಗೆ ಬೇರೂರುತ್ತದೆ. ಆಮೇಲೊಂದು ಸಲ ದೋಣಿಯ ಪಕ್ಕದಲ್ಲಿ ಶಾರ್ಕ್ ಯಾವ ಸ್ವರವೂ ಇಲ್ಲದೆ ತಲೆ ಎತ್ತುತ್ತದೆ. ಅಲ್ಲಿಂದ ಮುಂದೆ ಮೌನವನ್ನೂ ನಂಬುವ ಹಾಗಿಲ್ಲ.

ಈ ಪಾಠ ನಮ್ಮ ಸೀಮೆಗೆ ಹೊಸತಲ್ಲ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಚಂಡೆಯನ್ನು ಎಲ್ಲ ಕಡೆ ಬಾರಿಸುವುದಿಲ್ಲ. ಸಾಮಾನ್ಯ ಪದಗಳಿಗೆ ಮದ್ದಳೆ ಸಾಕು, ಚಂಡೆ ಕಾದಿರುತ್ತದೆ. ಬಣ್ಣದ ವೇಷ ರಂಗಕ್ಕೆ ಬರುವ ಮೊದಲೇ ಚೌಕಿಯ ಕಡೆಯಿಂದ ಅಬ್ಬರ ಕೇಳುತ್ತದೆ, ವೇಷ ಕಾಣುವುದಿಲ್ಲ. ಆಮೇಲೆ ತೆರೆ ಹಿಡಿಯುತ್ತಾರೆ. ಆಗಲೂ ಕಿರೀಟದ ತುದಿ, ಕೈಬೆರಳು ಇಷ್ಟೇ. ಮಡಿಲಲ್ಲಿ ಮಲಗಿದ್ದ ಮಕ್ಕಳು ಎದ್ದು ಕೂರುವುದು ಆ ಹೊತ್ತಿಗೆ. ಕೇಳಿಸಿದ್ದಕ್ಕೂ ಕಾಣಿಸಿದ್ದಕ್ಕೂ ನಡುವಿನ ಅಂತರವನ್ನು ಎಳೆದು ಹಿಡಿಯುವ ಈ ವಿದ್ಯೆಯನ್ನು ಸಾಗರ, ಹೊಸನಗರ, ತೀರ್ಥಹಳ್ಳಿಯ ಜನ ಸಿನಿಮಾ ಹುಟ್ಟುವ ಮೊದಲೇ ಬಲ್ಲರು.

ಹೀಗಾಗಿ ಬಿ.ವಿ. ಕಾರಂತರು ಸಿನಿಮಾ ಸಂಗೀತಕ್ಕೆ ಕೈಹಾಕಿದಾಗ ಅದು ನಾಟಕದ ಅಂಗಳದಿಂದಲೇ ಬಂತು. ಬಂಟ್ವಾಳ ಸೀಮೆಯ ಬಾಬುಕೋಡಿಯಲ್ಲಿ ಹುಟ್ಟಿ, ಹುಡುಗರಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದವರು ಅವರು. ರಂಗದ ಮೇಲೆ ಕಲ್ಲು, ಕೋಲು, ಬಿದಿರು ಯಾವುದು ಸಿಕ್ಕರೂ ಅವರ ಕೈಯಲ್ಲಿ ವಾದ್ಯವಾಗುತ್ತಿತ್ತು. ಸತತ ಎರಡು ವರ್ಷ, 1976ರ ‘ಋಷ್ಯಶೃಂಗ’ಕ್ಕೂ 1977ರ ‘ಘಟಶ್ರಾದ್ಧ’ಕ್ಕೂ, ಅವರಿಗೆ ಸಂಗೀತದ ರಾಷ್ಟ್ರಪ್ರಶಸ್ತಿ ಬಂತು.

‘ಘಟಶ್ರಾದ್ಧ’ ಅಪ್ಪಟ ತೀರ್ಥಹಳ್ಳಿ ಸೀಮೆಯ ಚಿತ್ರ. ಕಥೆ ಮೇಳಿಗೆಯ ಯು.ಆರ್. ಅನಂತಮೂರ್ತಿಯವರದು, ನಿರ್ದೇಶನ ಅದೇ ತಾಲೂಕಿನ ಕೆಸಲೂರಿನಲ್ಲಿ ಹುಟ್ಟಿದ ಕಾಸರವಳ್ಳಿಯವರದು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಬಂದ ಅವರ ಮೊದಲ ಕಥಾಚಿತ್ರ ಅದು. ಕಪ್ಪು-ಬಿಳುಪು, ಎಸ್. ರಾಮಚಂದ್ರ ಅವರ ಕ್ಯಾಮರಾ. ಇದನ್ನು ಸಸ್ಪೆನ್ಸ್ ಚಿತ್ರ ಎಂದು ಯಾರೂ ಕರೆದಿಲ್ಲ, ಆದರೆ ಹಿಚ್‌ಕಾಕರ ಬಾಂಬು ಇಲ್ಲೂ ಮೇಜಿನ ಕೆಳಗಿದೆ. ಉಡುಪರ ವೇದಪಾಠಶಾಲೆಗೆ ನಾಣಿ ಎಂಬ ಪುಟ್ಟ ಹುಡುಗ ಬರುತ್ತಾನೆ. ದೊಡ್ಡ ಹುಡುಗರ ಕಾಟದಿಂದ ಅವನನ್ನು ಕಾಯುವವಳು ಉಡುಪರ ವಿಧವೆ ಮಗಳು ಯಮುನಾ. ಅವಳು ಬಸಿರಾಗಿದ್ದಾಳೆ. ನಮಗದು ಬೇಗ ತಿಳಿಯುತ್ತದೆ, ನಾಣಿಗೆ ತಿಳಿಯುವುದಿಲ್ಲ. ಅಗ್ರಹಾರಕ್ಕೆ ಎಂದು ತಿಳಿದೀತು ಎಂಬುದೇ ಎದೆಬಡಿತ. ಕಥೆ ಹುಡುಗನ ಕಣ್ಣಲ್ಲಿ ನಡೆಯುವುದರಿಂದ ದೊಡ್ಡವರ ಪಿಸುಮಾತು, ಕತ್ತಲಲ್ಲಿ ಹೆಜ್ಜೆ, ಬಾಗಿಲಿನ ಸದ್ದು ಎಲ್ಲವೂ ಅವನಿಗೆ ಬರಿಯ ಸದ್ದುಗಳು, ನಮಗೆ ಸುಳಿವುಗಳು. ಇಂಥಲ್ಲಿ ಪಿಟೀಲು ಹಚ್ಚಿದ್ದರೆ ಚಿತ್ರ ಕೆಡುತ್ತಿತ್ತು.

ರಾತ್ರಿಯಲ್ಲಿ ಗರ್ಭ ತೆಗೆಸುವ ಪ್ರಸಂಗಕ್ಕೆ ಬಂದಾಗ ಕಾರಂತರ ಕೈ ಬಲವಾಗುತ್ತದೆ. ಒಂದು ಕಡೆ ಯಮುನಾಳ ಸಂಕಟ, ಇನ್ನೊಂದು ಕಡೆ ಕತ್ತಲಲ್ಲಿ ಕುಣಿತ, ವಾದ್ಯದ ಬಡಿತ. ಆ ಬಡಿತ ಅಲ್ಲಿ ಕುಣಿಯುವವರದೇ, ಹೊರಗಿನಿಂದ ತಂದು ಅಂಟಿಸಿದ್ದಲ್ಲ. ಹಾಗಿದ್ದೂ ಅದು ಏರುತ್ತ ಹೋದಂತೆ ನಮ್ಮ ಉಸಿರು ಸಿಕ್ಕಿಕೊಳ್ಳುತ್ತದೆ. ನಲಿಯುವವರಿಗೆ ಅವಳ ನೋವು ಗೊತ್ತಿಲ್ಲ. ಮರುಕ ತೋರದ ಆ ಲಯವೇ ದೃಶ್ಯದ ಕ್ರೌರ್ಯ. ಹೆಜ್ಜೆಹೆಜ್ಜೆಗೆ ಅಳುವ ಸಂಗೀತ ಹಾಕುವವರು ಇದನ್ನೊಮ್ಮೆ ಕೂತು ನೋಡಬೇಕು.

ಮಲೆನಾಡಿನ ಕಾಡಿನಲ್ಲಿ ಮೌನ ಎಂದರೆ ಸದ್ದೇ ಇಲ್ಲ ಎಂದಲ್ಲ. ಸಂಜೆಯಾದರೆ ಜೀರುಂಡೆಗಳು ಕಿವಿಗಡಚಿಕ್ಕುತ್ತವೆ. ಯಾರಾದರೂ ಮರದ ಹತ್ತಿರ ನಡೆದು ಬಂದರೆ ಅಷ್ಟು ಜಾಗದ ಜೀರುಂಡೆಗಳು ತಟ್ಟನೆ ಬಾಯಿ ಮುಚ್ಚುತ್ತವೆ. ಕತ್ತಲಲ್ಲಿ ನಡೆಯುವವರಿಗೆ ಇದು ಗೊತ್ತು: ಸದ್ದು ನಿಂತಿತು ಎಂದರೆ ಯಾರೋ ಇದ್ದಾರೆ. ಒಳ್ಳೆಯ ಧ್ವನಿಗ್ರಾಹಕರು ಸಸ್ಪೆನ್ಸ್ ಕಟ್ಟುವುದೂ ಹೀಗೆಯೇ. ಮೊದಲು ಹುಳುವಿನ ಸದ್ದನ್ನು ತುಂಬುತ್ತಾರೆ, ಕಿವಿ ಅದನ್ನು ಮರೆಯುವಷ್ಟು ಹೊತ್ತು ಬಿಡುತ್ತಾರೆ, ಆಮೇಲೆ ಕತ್ತರಿಸುತ್ತಾರೆ. ಕತ್ತರಿಸಿದ ಮೇಲೂ ಗಾಳಿಯ ತೆಳ್ಳನೆ ಎಳೆಯನ್ನು ಉಳಿಸುತ್ತಾರೆ. ಪೂರ್ತಿ ಸೊನ್ನೆ ಮಾಡಿದರೆ ಪ್ರೇಕ್ಷಕ ಸ್ಪೀಕರು ಕೆಟ್ಟಿತೆಂದು ಹಿಂತಿರುಗಿ ಪ್ರೊಜೆಕ್ಟರಿನ ಕಿಂಡಿ ನೋಡುತ್ತಾನೆ.

ಹಳೆಯ ಜನಪ್ರಿಯ ಚಿತ್ರಗಳಲ್ಲಿ ಸಂಗೀತ ಎಡೆಬಿಡದೆ ಇರುವುದಕ್ಕೆ ತಾಂತ್ರಿಕ ಕಾರಣವೂ ಇತ್ತು. 35 ಎಂ.ಎಂ. ಪ್ರಿಂಟಿನ ಅಂಚಿನಲ್ಲಿ ಧ್ವನಿ ಬೆಳಕಿನ ಗೆರೆಯಾಗಿ ಅಚ್ಚಾಗಿರುತ್ತಿತ್ತು. ಗೆರೆಯ ಮೇಲೆ ಧೂಳು ಕೂತರೆ ಚರಚರ, ಗೀರು ಬಿದ್ದರೆ ಟಪಟಪ. ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ ಅದರ ಮೇಲೆ ಜನರೇಟರಿನ ಸದ್ದು, ಪ್ರೊಜೆಕ್ಟರಿನ ಸದ್ದು, ಕಡಲೆಕಾಯಿ ಮಾರುವವನ ಕೂಗು. ಅಲ್ಲಿ ಮೌನ ಪ್ರೇಕ್ಷಕನ ತನಕ ತಲುಪುತ್ತಿರಲಿಲ್ಲ. ರೀರೆಕಾರ್ಡಿಂಗ್ ಎಂದರೆ ಸಂಗೀತಗಾರರು ಹನ್ನೊಂದು ನಿಮಿಷ ಓಡುವ ಸಾವಿರ ಅಡಿಯ ರೀಲನ್ನು ತೆರೆಯ ಮೇಲೆ ನೋಡುತ್ತ ವಾದ್ಯವೃಂದವನ್ನು ನುಡಿಸುವುದು. ಖಾಲಿ ಬಿಟ್ಟ ಜಾಗ ತಪ್ಪಿನಂತೆ ಕಾಣುತ್ತಿದ್ದ ಕಾಲ ಅದು. ಆ ವಾತಾವರಣದಲ್ಲಿ ಸುನೀಲ್ ಕುಮಾರ್ ದೇಸಾಯಿ 1989ರಲ್ಲಿ ಶಂಕರ್‌ನಾಗ್ ಅವರನ್ನು ಹಾಕಿಕೊಂಡು ಒಂದೂ ಹಾಡಿಲ್ಲದ ‘ತರ್ಕ’ ಮಾಡಿದ್ದು ದೊಡ್ಡ ಧೈರ್ಯ. ಹಾಡು ಬಂದರೆ ಪ್ರೇಕ್ಷಕ ಬಿಗಿ ಬಿಟ್ಟು ಬೀಡಿ ಸೇದಲು ಹೊರಗೆ ಹೋಗುತ್ತಾನೆ. ಹಾಡು ತೆಗೆದ ದೇಸಾಯಿ ಆ ಬಾಗಿಲನ್ನು ಮುಚ್ಚಿದರು.

ಇಂಥದ್ದನ್ನೆಲ್ಲ ಹಳ್ಳಿಯ ಜನ ಗ್ರಹಿಸಲಾರರು ಎನ್ನುವವರಿಗೆ ಸಾಗರ ತಾಲೂಕಿನ ಹೆಗ್ಗೋಡು ಉತ್ತರ ಕೊಟ್ಟಿದೆ. 1973ರಲ್ಲಿ ಕೆ.ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ನೀನಾಸಂ ಚಿತ್ರಸಮಾಜ ಶುರುವಾಯಿತು. ಅಡಿಕೆ ಬೆಳೆಗಾರರೂ ಕೂಲಿಯವರೂ ಶಾಲೆಯ ಮಕ್ಕಳೂ ಒಟ್ಟಿಗೆ ಕೂತು ಬಂಗಾಳದ, ಜಪಾನಿನ, ಇಟಲಿಯ ಚಿತ್ರಗಳನ್ನು ನೋಡಿದರು. ಭಾಷೆ ತಿಳಿಯದ ಚಿತ್ರದಲ್ಲಿ ಕಿವಿ ಹೆಚ್ಚು ಚುರುಕಾಗುತ್ತದೆ. ಮಾತಿನ ಅರ್ಥ ಕೈಗೆ ಸಿಗದಾಗ ಉಸಿರು, ಹೆಜ್ಜೆ, ಮಳೆ, ತಡೆದು ನಿಂತ ಸದ್ದು ಇವೇ ಕಥೆ ಹೇಳುತ್ತವೆ. ಕಾಸರವಳ್ಳಿಯವರು ಈ ಸುಬ್ಬಣ್ಣನವರ ಸೋದರಳಿಯ.

‘ಘಟಶ್ರಾದ್ಧ’ವನ್ನು ಮೂಲ ಫಿಲ್ಮಿನಿಂದ ಶುದ್ಧಗೊಳಿಸುವ ಕೆಲಸ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ಫಿಲ್ಮ್ ಫೌಂಡೇಶನ್ ಸೇರಿ ಮುಗಿಸಿದವು. 2024ರಲ್ಲಿ ಆ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಸವೆದ ಪ್ರತಿಗಳಲ್ಲಿ ಇದನ್ನು ನೋಡಿದವರಿಗೆ ಕಾರಂತರು ಬಿಟ್ಟ ಖಾಲಿ ಜಾಗಗಳು ಬರಿಯ ಗೊರಗೊರವಾಗಿ ಕೇಳಿರುತ್ತವೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಾಲೇಜುಗಳು, ಸಂಘಗಳು ಈ ಹೊಸ ಪ್ರತಿಯನ್ನು ತರಿಸಿ, ಒಳ್ಳೆಯ ಸ್ಪೀಕರು ಇಟ್ಟು, ಕತ್ತಲ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ ತೋರಿಸಬೇಕು. ಅಲ್ಲಿಯ ತನಕ ಮನೆಯಲ್ಲಿ ‘ದ್ವೀಪ’ ನೋಡುವುದಾದರೆ ಫೋನಿನ ಪುಟ್ಟ ಸ್ಪೀಕರಿನಲ್ಲಿ ನೋಡಬೇಡಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ರಾತ್ರಿಯ ಹೊತ್ತು, ನಡುವೆ ನಿಲ್ಲಿಸದೆ ನೋಡಿ.