ಹೆರಿಗೆಯ ದಿನದ ಲೆಕ್ಕ, ಅದು ಬದಲಾಗುವುದೇಕೆ?

ಹೊಲ, ತೋಟ, ದನಕರುಗಳ ವಿಷಯ ಬರೆಯುವ ಈ ಪುಟದಲ್ಲಿ ಬಸುರಿ ಹೆಂಗಸರ ಮಾತೇಕೆ ಎಂದು ಕೆಲವರು ಕೇಳಬಹುದು. ಕಾರಣ ನಮ್ಮ ಕೊಟ್ಟಿಗೆಯಲ್ಲೇ ಇದೆ. ಹಸುವಿಗೆ ಬೆದೆ ಬಂದು ಇಂಜೆಕ್ಷನ್ ಹಾಕಿಸಿದ ತಾರೀಖನ್ನು ವಯನಾಡಿನ ನಮ್ಮ ರೈತರು ಗೋಡೆಯ ಮೇಲೋ ಕ್ಯಾಲೆಂಡರಿನಲ್ಲೋ ತಪ್ಪದೆ ಗುರುತು ಹಾಕುತ್ತಾರೆ. ಅದೇ ಮನೆಯ ಸೊಸೆ ಕೊನೆಯ ಬಾರಿ ಮುಟ್ಟಾದ ದಿನ ಯಾವುದೆಂದು ಆಸ್ಪತ್ರೆಯಲ್ಲಿ ಕೇಳಿದರೆ, ಅತ್ತೆ ಸೊಸೆಯ ಮುಖ ನೋಡುತ್ತಾಳೆ, ಸೊಸೆ ನೆಲ ನೋಡುತ್ತಾಳೆ.

ಮೊದಲು ಹಸುವಿನ ಲೆಕ್ಕವನ್ನೇ ನೋಡೋಣ. ಹಸುವಿಗೆ ಒಂಬತ್ತು ತಿಂಗಳು ಒಂಬತ್ತು ದಿನ, ಎಮ್ಮೆಗೆ ಹತ್ತು ತಿಂಗಳು ಹತ್ತು ದಿನ ಎಂಬುದು ಎಲ್ಲರಿಗೂ ಗೊತ್ತು. ಆದರೆ ಗರ್ಭ ಕಟ್ಟಿಸಿದ ದಿನ ಖಚಿತವಾಗಿ ಗೊತ್ತಿದ್ದರೂ ಹಸು ಎಣಿಸಿದ ದಿನವೇ ಈಯುವುದು ಅಪರೂಪ. ತಳಿಯಿಂದ ತಳಿಗೂ ವ್ಯತ್ಯಾಸವುಂಟು. ಜೆರ್ಸಿ ಸುಮಾರು 279 ದಿನ ಹೊತ್ತರೆ, 1963ರಲ್ಲಿ ಇಂಡೋ-ಸ್ವಿಸ್ ಯೋಜನೆಯ ಮೂಲಕ ಕೇರಳಕ್ಕೆ ಬಂದ ಬ್ರೌನ್ ಸ್ವಿಸ್ ತಳಿ ಸುಮಾರು 290 ದಿನ ಹೊರುತ್ತದೆ. ಹಸು ನಾಲ್ಕು ದಿನ ತಡ ಮಾಡಿದರೆ ನಾವು ಪಶುವೈದ್ಯರನ್ನು ಬೈಯುವುದಿಲ್ಲ. ಹೆರಿಗೆಯ ತಾರೀಖು ನಾಲ್ಕು ದಿನ ಬದಲಾದರೆ ಮಾತ್ರ ಡಾಕ್ಟರಿಗೆ ಲೆಕ್ಕ ಬಾರದು ಎನ್ನುತ್ತೇವೆ.

ಹೆಂಗಸರಲ್ಲಿ ಗರ್ಭ ನಿಂತ ದಿನ ಹೊರಗೆ ಕಾಣುವುದಿಲ್ಲ. ಕಾಣುವ ಗುರುತು ಮುಟ್ಟು ಒಂದೇ. ಆದ್ದರಿಂದ ವೈದ್ಯರು ಕೊನೆಯ ಮುಟ್ಟಿನ ಮೊದಲನೆಯ ದಿನದಿಂದ ಎಣಿಕೆ ಶುರುಮಾಡಿ 280 ದಿನ, ಅಂದರೆ 40 ವಾರ, ಕೂಡುತ್ತಾರೆ. ಈ ಲೆಕ್ಕದ ಮೊದಲ ಎರಡು ವಾರ ಗರ್ಭವೇ ಇರುವುದಿಲ್ಲವೆಂಬುದನ್ನು ಗಮನಿಸಬೇಕು. ಗರ್ಭ ನಿಂತ ದಿನದಿಂದ ಎಣಿಸಿದರೆ ಸುಮಾರು 266 ದಿನ. ಚಾಂದ್ರಮಾನದ ಒಂಬತ್ತು ತಿಂಗಳಿಗೂ ಸರಿಯಾಗಿ ಅಷ್ಟೇ ದಿನಗಳಾಗುತ್ತವೆ. ನಾವು ಒಂಬತ್ತು ತಿಂಗಳೆನ್ನುತ್ತೇವೆ, ನೆರೆಯ ಮಲಯಾಳಿಗಳು ಪತ್ತು ಮಾಸವೆನ್ನುತ್ತಾರೆ. ಎಣಿಕೆಯ ಆರಂಭ ಬೇರೆ, ತಿಂಗಳ ಅಳತೆ ಬೇರೆ. ಮಗು ಬರುವ ಕಾಲ ಒಂದೇ.

ಇದನ್ನು ಬೆರಳಲ್ಲಿ ಎಣಿಸುವ ಸುಲಭ ಸೂತ್ರವನ್ನು ಜರ್ಮನಿಯ ಪ್ರಸೂತಿ ವೈದ್ಯ ನೇಗೆಲೆ 19ನೆಯ ಶತಮಾನದ ಆರಂಭದಲ್ಲಿ ಬಳಕೆಗೆ ತಂದನು. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಏಳು ದಿನ ಕೂಡಿಸಿ, ಮೂರು ತಿಂಗಳು ಹಿಂದೆ ಹೋಗಿ, ಮುಂದಿನ ವರ್ಷದ ತಾರೀಖು ಹಿಡಿಯಬೇಕು. ವಳ್ಳಿಯೂರ್ಕಾವಿನ ಉತ್ಸವ ಶುರುವಾಗುವ ಹೊತ್ತಿಗೆ, ಮಾರ್ಚ್ 15ರಂದು, ಒಬ್ಬಳು ಮುಟ್ಟಾದಳೆನ್ನೋಣ. ಏಳು ಕೂಡಿದರೆ ಮಾರ್ಚ್ 22. ಮೂರು ತಿಂಗಳು ಹಿಂದಕ್ಕೆ ಹೋದರೆ ಡಿಸೆಂಬರ್ 22. ಆದರೆ ಒಂದೊಂದೇ ದಿನ ಎಣಿಸಿ 280 ಕೂಡಿದವರಿಗೆ ಡಿಸೆಂಬರ್ 20 ಸಿಗುತ್ತದೆ. ಎಲ್ಲ ತಿಂಗಳಿಗೂ ಒಂದೇ ಉದ್ದವಿಲ್ಲವಾದ್ದರಿಂದ ಬಂದ ಎರಡು ದಿನದ ಅಂತರವಿದು. ನರ್ಸಮ್ಮ ಒಂದು ಹೇಳಿ ಫೋನು ಇನ್ನೊಂದು ಹೇಳಿದರೆ ಗಾಬರಿ ಬೇಡ.

ದೊಡ್ಡ ತಪ್ಪು ಬರುವುದು ಮನೆಯವರ ಮಾತಿನಿಂದ. ಕೊನೆಯ ಮುಟ್ಟು ಯಾವಾಗ ಎಂದರೆ ಕೆಲವರು ತಲೆಗೆ ನೀರು ಹಾಕಿಕೊಂಡ ದಿನವನ್ನು ಹೇಳುತ್ತಾರೆ. ಅಲ್ಲಿಗೆ ನಾಲ್ಕೈದು ದಿನ ಹೋಯಿತು. ಇನ್ನು ಕೆಲವರು ಮುಟ್ಟು ಬರಬೇಕಾಗಿದ್ದು ಬಾರದೆ ನಿಂತ ದಿನವನ್ನು ಹೇಳುತ್ತಾರೆ. ಅಲ್ಲಿಗೆ ಒಂದು ತಿಂಗಳೇ ಹೋಯಿತು. ಹಾಲು ಕುಡಿಸುವ ತಾಯಿ ಮುಟ್ಟಾಗುವ ಮೊದಲೇ ಮತ್ತೆ ಬಸುರಿಯಾಗುವುದುಂಟು. ಆಕೆಗೆ ಹೇಳಲು ತಾರೀಖೇ ಇಲ್ಲ. ಗರ್ಭ ನಿಂತ ಮೇಲೆ ಸ್ವಲ್ಪ ರಕ್ತ ಕಂಡು ಅದನ್ನೇ ಮುಟ್ಟೆಂದು ತಿಳಿದವರೂ ಇದ್ದಾರೆ. ಇಷ್ಟಲ್ಲದೆ, ಸೂತ್ರವು 28 ದಿನಕ್ಕೊಮ್ಮೆ ಮುಟ್ಟಾಗುವವರಿಗಾಗಿ ಮಾಡಿದ್ದು. 35 ದಿನಕ್ಕೊಮ್ಮೆ ಆಗುವವರಲ್ಲಿ ಗರ್ಭ ನಿಲ್ಲುವುದೇ ಒಂದು ವಾರ ತಡ. ಮೇಲಿನ ಹೆಂಗಸು ಅಂಥವಳಾದರೆ ಅವಳ ದಿನ ಡಿಸೆಂಬರ್ 22 ಅಲ್ಲ, 29.

ಈ ಸಂದೇಹವನ್ನು ತೀರಿಸಲು ಮೊದಲ ಮೂರು ತಿಂಗಳ ಸ್ಕ್ಯಾನಿಂಗ್‌ಗಿಂತ ಒಳ್ಳೆಯ ಸಾಧನವಿಲ್ಲ. ಆ ಕಾಲದಲ್ಲಿ ಶಿಶುವಿನ ತಲೆಯಿಂದ ಕುಂಡೆಯವರೆಗಿನ ಉದ್ದವನ್ನು ಅಳೆಯುತ್ತಾರೆ. ಬಡವರ ಮನೆಯಲ್ಲಾಗಲಿ ಸಿರಿವಂತರ ಮನೆಯಲ್ಲಾಗಲಿ, ಆ ವಾರಗಳಲ್ಲಿ ಎಲ್ಲ ಶಿಶುಗಳೂ ಹೆಚ್ಚುಕಡಮೆ ಒಂದೇ ಸಮನೆ ಬೆಳೆಯುತ್ತವೆ. ಆದ್ದರಿಂದ ಈ ಅಳತೆಯ ತಪ್ಪು ಐದರಿಂದ ಏಳು ದಿನದೊಳಗೆ ನಿಲ್ಲುತ್ತದೆ. ಒಂಬತ್ತರಿಂದ ಹದಿಮೂರು ವಾರದ ನಡುವೆ ಮುಟ್ಟಿನ ಲೆಕ್ಕಕ್ಕೂ ಸ್ಕ್ಯಾನಿಂಗ್ ಲೆಕ್ಕಕ್ಕೂ ಏಳು ದಿನಕ್ಕಿಂತ ಹೆಚ್ಚು ಅಂತರ ಕಂಡರೆ ವೈದ್ಯರು ತಾರೀಖನ್ನು ತಿದ್ದುತ್ತಾರೆ. ಅಂತರ ಅದಕ್ಕಿಂತ ಕಡಮೆಯಾದರೆ ಮುಟ್ಟಿನ ಲೆಕ್ಕವನ್ನೇ ಉಳಿಸುತ್ತಾರೆ. ಹೀಗೆ ತಿದ್ದಿದ ಮೇಲೆ ಆ ತಾರೀಖನ್ನು ಸಾಮಾನ್ಯವಾಗಿ ಮತ್ತೆ ಬದಲಿಸುವುದಿಲ್ಲ.

ನಮ್ಮ ಕಡೆಯವರಿಗೆ ತೊಡಕಾಗುವುದು ಇಲ್ಲಿಯೇ. ಚೊಚ್ಚಲ ಬಸುರಿ ಏಳನೆಯ ತಿಂಗಳಿಗೆ ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ ಕಡೆಯ ತವರಿಗೆ ಹೋಗುತ್ತಾಳೆ. ಬತ್ತೇರಿಯಲ್ಲೋ ಮಾನಂದವಾಡಿಯಲ್ಲೋ ಬರೆಸಿದ ಮಲಯಾಳದ ಚೀಟಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಅಲ್ಲಿ ಎಂಟನೆಯ ತಿಂಗಳಲ್ಲಿ ಹೊಸದಾಗಿ ಸ್ಕ್ಯಾನಿಂಗ್ ಮಾಡಿಸಿದಾಗ ತಾರೀಖು ಡಿಸೆಂಬರ್ 22ರ ಬದಲು ಜನವರಿ 10 ಎಂದು ಬರುತ್ತದೆ. ಇನ್ನೂ ಸಮಯವಿದೆಯೆಂದು ಮನೆಯವರು ನಿರಾಳರಾಗುತ್ತಾರೆ.

ಆದರೆ ಎಂಟನೆಯ ತಿಂಗಳ ಸ್ಕ್ಯಾನಿಂಗ್ ಅಳೆಯುವುದು ತಲೆ, ಹೊಟ್ಟೆ, ತೊಡೆಯ ಮೂಳೆಗಳ ಗಾತ್ರವನ್ನು. ಆ ಹೊತ್ತಿಗೆ ಒಂದೊಂದು ಮಗು ಒಂದೊಂದು ಅಳತೆಯಲ್ಲಿರುತ್ತದೆ. ತಾರೀಖಿನಲ್ಲಿ ಮೂರು ವಾರದವರೆಗೂ ಹೆಚ್ಚುಕಡಮೆಯಾಗಬಹುದು. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಸಣ್ಣದಾಗಿ ಕಂಡ ಮಗು ಎಳೆಯದೇ ಆಗಿರಬೇಕೆಂದಿಲ್ಲ. ದಿನ ಸರಿಯಾಗಿದ್ದು ಬೆಳವಣಿಗೆ ಕುಂಠಿತವಾಗಿರಬಹುದು. ತಾಯಿಗೆ ರಕ್ತದೊತ್ತಡವಿದ್ದರೆ ಹೀಗಾಗುವುದುಂಟು. ವಯನಾಡಿನ ಹಲವು ಬುಡಕಟ್ಟುಗಳಲ್ಲೂ ಚೆಟ್ಟಿ ಜನರಲ್ಲೂ ಕಾಣುವ ಕುಡುಗೋಲು ಕಣ ರೋಗವುಳ್ಳ ತಾಯಂದಿರಲ್ಲಿಯೂ ಹೀಗಾಗುವುದುಂಟು. ಹಳೆಯ ಚೀಟಿ ಕೈಯಲ್ಲಿದ್ದರೆ ವೈದ್ಯರು, "ದಿನ ಇಷ್ಟಾಗಿದೆ, ಮಗು ಮಾತ್ರ ಇಷ್ಟೇ ಇದೆ" ಎಂದು ಆ ಕ್ಷಣವೇ ಎಚ್ಚರಗೊಳ್ಳುತ್ತಾರೆ. ಚೀಟಿಯಿಲ್ಲದಿದ್ದರೆ ಸೊರಗಿದ ಮಗು ಎಳೆಯ ಮಗುವೆಂದು ಲೆಕ್ಕಕ್ಕೆ ಬಂದು, ಅಪಾಯ ಮೂರು ವಾರ ಮರೆಯಾಗಿರುತ್ತದೆ. ತವರಿಗೆ ಹೋಗುವ ಮಗಳ ಸೀರೆಗಳಿಗಿಂತ ಮೊದಲು ಆ ಚೀಟಿಯನ್ನು ಚೀಲಕ್ಕೆ ಹಾಕಬೇಕೆಂದು ನಾವು ಹೇಳುವುದು ಇದಕ್ಕಾಗಿ. ಅದರಲ್ಲಿ ಎಲ್.ಎಂ.ಪಿ. ಎಂದಿರುವುದು ಕೊನೆಯ ಮುಟ್ಟಿನ ದಿನ, ಇ.ಡಿ.ಡಿ. ಎಂದಿರುವುದು ಹೆರಿಗೆಯ ಅಂದಾಜು ದಿನ. ಮಲಯಾಳ ಓದಲು ಬಾರದಿದ್ದರೆ ಅಂಕಿಗಳನ್ನಾದರೂ ಗುರುತಿಟ್ಟುಕೊಳ್ಳಿರಿ.

ಸ್ಕ್ಯಾನಿಂಗ್‌ನಲ್ಲಿ ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯಿದೆಯಂತೆ ಅಪರಾಧವೆಂಬುದನ್ನು ಇಲ್ಲಿಯೇ ತಿಳಿಸಿಬಿಡುತ್ತೇವೆ.

ಇಷ್ಟೆಲ್ಲ ಮಾಡಿ ಸಿಕ್ಕ ತಾರೀಖೂ ಮುಹೂರ್ತವಲ್ಲ. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. ಹೆಚ್ಚಿನವು 37 ವಾರ ತುಂಬಿದ ಮೇಲೆ 42ರೊಳಗೆ ಹುಟ್ಟುತ್ತವೆ. ಹಾಗೆಂದು ತಾರೀಖು ವ್ಯರ್ಥವೆಂದು ತಿಳಿಯಬಾರದು. ಅವಧಿಗೆ ಮುನ್ನ ನೋವು ಬಂದರೆ ಮಗುವಿನ ಶ್ವಾಸಕೋಶ ಬಲಿಯಲು ಇಂಜೆಕ್ಷನ್ ಕೊಡಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದು ಈ ಲೆಕ್ಕವೇ. 41 ವಾರ ದಾಟಿದರೂ ನೋವು ಬಾರದಿದ್ದರೆ ಕಾಯುವುದು ಕ್ಷೇಮವಲ್ಲವೆಂದು ತೋರಿಸುವುದೂ ಇದೇ.

ಸರಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳು 9ನೆಯ ತಾರೀಖಿನಂದು ಬಸುರಿಯರಿಗೆ ಉಚಿತ ತಪಾಸಣೆ ನಡೆಸುವ ಏರ್ಪಾಡು 2016ರಿಂದ ಇದೆ. ಮುಟ್ಟು ನಿಂತು ತಿಂಗಳಾಗುವುದರೊಳಗೆ ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಮೊದಲ ಸ್ಕ್ಯಾನಿಂಗ್ ಕಾಲಕ್ಕೆ ಆಗುತ್ತದೆ. ಕಾಡಂಚಿನ ಹಾಡಿಗಳಲ್ಲಿರುವವರು ಬರೆದ ದಿನವನ್ನು ಕಾಯದೆ, ಎರಡು ವಾರ ಮುಂಚೆಯೇ ಆಸ್ಪತ್ರೆಗೆ ಹತ್ತಿರವಿರುವ ನೆಂಟರ ಮನೆಗೆ ಹೋಗಿರುವುದು ಒಳಿತು. ಬಂಡೀಪುರದ ಮೂಲಕ ಹೋಗುವ 766ನೆಯ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರಕ್ಕೆ 2009ರಲ್ಲಿ ನಿಷೇಧ ಬಂದದ್ದು ಎಲ್ಲರಿಗೂ ಗೊತ್ತಿದೆ. ಆಂಬ್ಯುಲೆನ್ಸಿಗೆ ತಡೆಯಿಲ್ಲ, ಬಾಡಿಗೆ ಜೀಪಿಗೆ ಇದೆ. ರಾತ್ರಿ ನೋವು ಬಂದರೆ ಜೀಪು ಹುಡುಕುತ್ತ ಕೂರದೆ 108ಕ್ಕೆ ಫೋನು ಮಾಡಿರಿ, ಚೀಟಿಯನ್ನು ಕೈಯಲ್ಲಿ ಹಿಡಿದಿರಿ.